ಚೌರಪ್ಪನವರ ಹಬ್ಬ ಯಾವತ್ತು?



ಹೆಸರುಗಳ ವಿಷಯದಲ್ಲಿ ನಮ್ಮ ಸೀಮೆ ಶ್ರೀಮಂತವಾದುದು. ಅರಸೀಕೆರೆ ಎಂದರೆ ಅರಸಿಯ ಕೆರೆ. ಹೊಯ್ಸಳರ ದೋರಸಮುದ್ರ ಹಾಳಾದ ಮೇಲೆ ಹಳೇಬೀಡಾಯಿತು. ಬೇಲೂರಿನ ಮದನಿಕೆಯರ ಪೀಠಗಳಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದ ಶಿಲ್ಪಿಗಳು ತಮ್ಮ ಹೆಸರುಗಳನ್ನು ಕೊರೆದಿಟ್ಟಿದ್ದಾರೆ. ಒಂಬತ್ತು ಶತಮಾನ ಕಳೆದರೂ ತಿಳಿದವರು ಅವನ್ನು ಓದುತ್ತಾರೆ. ಆದರೆ ಬರೀ ಮೂರು ತಲೆಮಾರಿನ ಹಿಂದಿನ ನಮ್ಮ ಅಜ್ಜಂದಿರ ಹೆಸರನ್ನು ನಾವು ಓದಬಲ್ಲೆವೇ? ಸಮಾಧಿಯ ಮೇಲೆ 'ಚೌರಪ್ಪ' ಎಂದಿರುತ್ತದೆ. ಹಳ್ಳಿಗಾಡಿನ ಹಳೆಯ ಹೆಸರೆಂದು ಮೊಮ್ಮಕ್ಕಳು ಮುಂದೆ ಸಾಗುತ್ತಾರೆ. ಅದು ಸಂತ ಫ್ರಾನ್ಸಿಸ್ ಕ್ಸೇವಿಯರರ ಹೆಸರು. ಡಿಸೆಂಬರ್ 3 ಆ ಅಜ್ಜನ ಹೆಸರಿನ ಹಬ್ಬ.

ಡಿಸೆಂಬರ್ 3 ಏಕೆ? 1552ರಲ್ಲಿ ಆ ದಿನ ಚೀನಾ ಕರಾವಳಿಯ ಸಣ್ಣ ದ್ವೀಪವೊಂದರಲ್ಲಿ ಸಂತರು ಪ್ರಾಣಬಿಟ್ಟರು. ಲೋಕ ಹುಟ್ಟಿದ ದಿನವನ್ನು ಎಣಿಸಿದರೆ, ಧರ್ಮಸಭೆ ಸಾಮಾನ್ಯವಾಗಿ ಸಂತರು ಸ್ವರ್ಗಕ್ಕೆ ಹುಟ್ಟಿದ ದಿನವನ್ನು ಎಣಿಸುತ್ತದೆ. ಎರಡನೆಯ ಶತಮಾನದಲ್ಲೇ ಸ್ಮುರ್ನದ ಕ್ರೈಸ್ತರು ತಮ್ಮ ಧರ್ಮಾಧ್ಯಕ್ಷ, ರಕ್ತಸಾಕ್ಷಿ ಪೋಲಿಕಾರ್ಪರ ಮರಣದಿನವನ್ನು ಜನ್ಮದಿನವೆಂದೇ ಆಚರಿಸತೊಡಗಿದ್ದರು. ಮುಂದೆ ಯೂರೋಪಿನಲ್ಲಿ ಮಗುವಿಗೆ ಸಂತರ ಹೆಸರಿಟ್ಟು, ಆ ಸಂತರ ದಿನವನ್ನೇ ಮಗುವಿನ ದಿನವೆಂದು ಆಚರಿಸುವ ಪದ್ಧತಿ ಬೆಳೆಯಿತು. ಕೆಲವರು ದಿನವನ್ನು ನೋಡಿಯೇ ಹೆಸರಿಡುತ್ತಿದ್ದರು. 1483ರ ನವೆಂಬರ್ 11ರಂದು, ಸಂತ ಮಾರ್ಟಿನರ ಹಬ್ಬದಂದು, ಜ್ಞಾನಸ್ನಾನ ಪಡೆದ ಜರ್ಮನಿಯ ಮಗು ಮಾರ್ಟಿನ್ ಲೂಥರ್ ಆದದ್ದು ಹೀಗೆ! ಪೋಲೆಂಡ್, ಹಂಗೇರಿ, ಗ್ರೀಸ್ ದೇಶಗಳ ಕ್ಯಾಲೆಂಡರುಗಳಲ್ಲಿ ಇಂದಿಗೂ ದಿನದಿನದ ಹೆಸರು ಅಚ್ಚಾಗುತ್ತದೆ. 2025ರಲ್ಲಿ ನಿಧನರಾದ ಜಗದ್ಗುರು ಫ್ರಾನ್ಸಿಸರ ಜ್ಞಾನಸ್ನಾನದ ಹೆಸರು ಜಾರ್ಜ್. ಅವರ ಕಾಲದಲ್ಲಿ ಏಪ್ರಿಲ್ 23, ಸಂತ ಜಾರ್ಜರ ದಿನ, ವ್ಯಾಟಿಕನ್ನಿಗೆ ರಜೆಯಾಗಿತ್ತು.

ನಮ್ಮಲ್ಲಿ ಹೆಸರುಗಳು ಬಂದ ದಾರಿ ಬೇರೆ. ತಮಿಳುನಾಡಿನ ಕಡೆಯಿಂದ ಬಂದ ಗುರುಗಳ, ಉಪದೇಶಿಗಳ ಬಾಯಲ್ಲಿ, ಬಳಿಕ ನಮ್ಮ ಅಜ್ಜಿಯರ ಬಾಯಲ್ಲಿ, ಸಂತರೆಲ್ಲ 'ಅಪ್ಪ'ಗಳಾದರು. ಇನ್ನಾಸಪ್ಪ ಎಂದರೆ ಸಂತ ಇಗ್ನೇಷಿಯಸ್, ಅವರ ಹಬ್ಬ ಜುಲೈ 31. ಸಂತ್ಯಾಗಪ್ಪ ಎಂದರೆ ಪ್ರೇಷಿತ ಯಾಕೋಬ, ಜುಲೈ 25. ಜೋಜಪ್ಪ, ಸೂಸೈ ಇಬ್ಬರೂ ಸಂತ ಜೋಸೆಫರೇ, ಮಾರ್ಚ್ 19. ರಾಯಪ್ಪ ಎಂದರೆ ಪೇತ್ರ, ಚಿನ್ನಪ್ಪ ಎಂದರೆ ಪೌಲ. ಇಬ್ಬರಿಗೂ ಒಂದೇ ಹಬ್ಬ, ಜೂನ್ 29. ಲತೀನಿನಲ್ಲಿ 'ಪೌಲುಸ್' ಎಂದರೆ ಚಿಕ್ಕವನು, ಚಿನ್ನಪ್ಪ ಅದರ ನೇರ ಅನುವಾದ. ಅರುಳಪ್ಪನೂ ಹಾಗೆಯೇ. 'ದೇವರು ಕೃಪಾಳು' ಎಂಬುದು ಯೊವಾನ್ನ ಎಂಬ ಹೆಸರಿನ ಅರ್ಥ, 'ಅರುಳ್' ಎಂದರೆ ಕೃಪೆ. (ಚಿನ್ನಪ್ಪ, ರಾಯಪ್ಪ ಎಂಬ ಹೆಸರುಗಳು ಹಿಂದೂ ನೆರೆಹೊರೆಯವರಲ್ಲೂ ಇವೆ. ಅದರಲ್ಲಿ ನಮಗೇನೂ ನಷ್ಟವಿಲ್ಲ.) ಬೇಲೂರು ಕಡೆಯ ಕಾಫಿ ತೋಟಗಳಿಗೆ ಕೆಲಸಕ್ಕೆ ಬಂದ ಕೊಂಕಣಿ ಕುಟುಂಬಗಳಲ್ಲಿ ಇದೇ ಸಂತರು ಪೋರ್ಚುಗೀಸ್ ದಾರಿಯಿಂದ ಬಂದು ಪೆದ್ರು, ಜುವಾಂವ್, ಬಾಸ್ತ್ಯಾಂವ್ ಆದರು.

ಈ ಹೆಸರುಗಳನ್ನು ನಾವೇ ನಾಚಿಕೆಯಿಂದ ಬಿಟ್ಟುಕೊಟ್ಟೆವು. ಶಾಲೆಗೆ ಸೇರಿಸುವಾಗ ಚೌರಪ್ಪ ಕ್ಸೇವಿಯರ್ ಆದ, ಅವನ ಮಗನಿಗೆ ಸಂತರ ಹೆಸರೇ ಬೇಡವಾಯಿತು. ಈಗ ಹುಟ್ಟುಹಬ್ಬಕ್ಕೆ ಕೇಕು ತಪ್ಪುವುದಿಲ್ಲ, ಹೆಸರಿನ ಹಬ್ಬ ಮಾತ್ರ ಯಾರಿಗೂ ನೆನಪಿಲ್ಲ.

ದಿನವನ್ನು ಹುಡುಕುವುದು ಕಷ್ಟವಲ್ಲ. ಹಿಂದೆ ಜ್ಞಾನಸ್ನಾನದ ದಾಖಲೆಯನ್ನು ಲತೀನಿನಲ್ಲಿ ಬರೆಯುವ ರೂಢಿಯಿತ್ತು. ಮನೆಯಲ್ಲಿ ಅರುಳಪ್ಪ, ಪುಸ್ತಕದಲ್ಲಿ 'ಯೊವಾನ್ನೆಸ್'. ಧರ್ಮಕೇಂದ್ರದ ಗುರುಗಳನ್ನು ಕೇಳಿ ಆ ಹೆಸರನ್ನು ತಿಳಿದುಕೊಳ್ಳಿ, ಆಮೇಲೆ ಪೂಜಾ ಪಂಚಾಂಗ ನೋಡಿ. ಹಳೆಯ ಪಂಚಾಂಗ ನೋಡಿದರೆ ಗೊಂದಲವಾದೀತು. 1969ರಲ್ಲಿ ಆರನೆಯ ಪೌಲರು ಪಂಚಾಂಗವನ್ನು ತಿದ್ದಿದಾಗ ಸಂತ ತೋಮಾಸರ ಹಬ್ಬ ಡಿಸೆಂಬರ್ 21ರಿಂದ ಜುಲೈ 3ಕ್ಕೆ ಬಂತು. ಲಿಸ್ಯೂವಿನ ಸಂತ ತೆರೇಸಾರ ಹಬ್ಬ ಅಕ್ಟೋಬರ್ 3ರಿಂದ 1ಕ್ಕೆ ಬಂತು.

ಸಂತರ ಹೆಸರಿಲ್ಲದ ಮಕ್ಕಳ ಗತಿಯೇನು? 1983ರ ಧರ್ಮಸಭೆಯ ಕಾನೂನು ಕ್ರೈಸ್ತ ಭಾವನೆಗೆ ಹೊರತಾದ ಹೆಸರು ಬೇಡವೆನ್ನುತ್ತದೆ, ಅಷ್ಟೇ. ಕನ್ನಡದ ಹೆಸರಿಗೆ ಅಡ್ಡಿಯಿಲ್ಲ. ಅರ್ಥ ಹಿಡಿದು ಹೋದರೆ ಸಂತರು ಸಿಗುತ್ತಾರೆ. ನಿಮ್ಮ ಜ್ಯೋತಿಗೆ ಡಿಸೆಂಬರ್ 13ರ ಸಂತ ಲೂಸಿಯಾ ಇದ್ದಾರೆ, ಆ ಹೆಸರಿನಲ್ಲೇ ಬೆಳಕಿದೆ. ಕೃಪಾಳಿಗೆ ಜುಲೈ 26ರ ಸಂತ ಅನ್ನಮ್ಮನವರಿದ್ದಾರೆ. ತಿರುವಾಂಕೂರಿನ ನೀಲಕಂಠ ಪಿಳ್ಳೆ 1745ರಲ್ಲಿ ಜ್ಞಾನಸ್ನಾನ ಪಡೆದಾಗ ಲಾಜರ ಎಂಬ ಹೆಸರನ್ನು ತನ್ನ ನುಡಿಯಲ್ಲಿ 'ದೇವಸಹಾಯಂ' ಎಂದೇ ಹೊತ್ತರು. 2022ರ ಮೇ 15ರಂದು ರೋಮಿನಲ್ಲಿ ಅದೇ ಹೆಸರಿನಿಂದ ಅವರನ್ನು ಸಂತರೆಂದು ಸಾರಲಾಯಿತು.

ಆಚರಣೆಗೆ ಖರ್ಚೇನೂ ಬೇಡ. ಬೆಳಿಗ್ಗೆ ಪೂಜೆ, ಸಂಜೆ ಜಪಸರದ ಬಳಿಕ ಆ ಸಂತರ ಕಥೆ, ಒಂದು ಪಾಯಸ ಸಾಕು. ಅರುಳಪ್ಪನವರ ಮನೆಯವರು ಮಾತ್ರ ಮೊದಲು ಒಂದು ತೀರ್ಮಾನಕ್ಕೆ ಬರಬೇಕು: ಅವರು ಸ್ನಾನಿಕರೋ, ಶುಭಸಂದೇಶಕಾರರೋ? ಸ್ನಾನಿಕರಾದರೆ ಜೂನ್ 24ಕ್ಕೆ, ಮುಂಗಾರಿನಲ್ಲಿ ಹಬ್ಬ. ಶುಭಸಂದೇಶಕಾರರಾದರೆ ಡಿಸೆಂಬರ್ 27, ಕ್ರಿಸ್ಮಸ್ಸಿನ ಕಜ್ಜಾಯ ಡಬ್ಬಿಯಲ್ಲಿ ಇನ್ನೂ ಉಳಿದಿರುತ್ತದೆ.