ಮುಸೀಬತ್: ಬಂದು ತಾಗಿದ ಬಾಣ



ನಲ್ಲಿಯಲ್ಲಿ ನೀರು ಬಾರದಿದ್ದರೆ ‘ಮುಸೀಬತ್’ ಎನ್ನುತ್ತೇವೆ, ಬಸ್ ತಪ್ಪಿದರೂ ಹಾಗೆಯೇ ಎನ್ನುತ್ತೇವೆ. ಆದರೆ ಪವಿತ್ರ ಕುರ್‌ಆನಿನಲ್ಲಿ ಈ ಪದದ ತೂಕ ದೊಡ್ಡದು. ಸೂರಃ ಅಲ್ ಮಾಇದಃದಲ್ಲಿ ಮರಣವನ್ನೇ ಮುಸೀಬತ್ ಎಂದು ಕರೆಯಲಾಗಿದೆ.

ಸ್ವಾದ್, ವಾವ್, ಬಾ ಎಂಬ ಮೂರು ಅಕ್ಷರಗಳು ಈ ಪದದ ಮೂಲ. ಇದರಿಂದ ಬಂದ ‘ಅಸಾಬ’ ಎಂದರೆ ಬಾಣ ಗುರಿಗೆ ತಾಗಿತು ಎಂದರ್ಥ. ಬಂದು ತಾಗಿದ್ದೇ ಮುಸೀಬತ್. ಅರಬಿಯಿಂದ ಫಾರಸಿ, ಉರ್ದುವಿನ ದಾರಿಯಾಗಿ ಪದ ನಮ್ಮ ನಾಲಗೆಗೆ ಬಂತು. ಇದಕ್ಕೆ ವಿರುದ್ಧವಾದ ‘ಅಖ್ತಅ’ ಎಂದರೆ ಗುರಿ ತಪ್ಪಿತು. ತಪ್ಪಿಗೆ ನಾವು ಹೇಳುವ ‘ಖತಾ’ ಅದೇ ಮೂಲದ್ದು. ನಿನಗೆ ತಾಗಿದ್ದು ತಪ್ಪಿ ಹೋಗುವಂತಿರಲಿಲ್ಲ, ತಪ್ಪಿ ಹೋದದ್ದು ನಿನಗೆ ತಾಗುವಂತಿರಲಿಲ್ಲ ಎಂಬರ್ಥದ ಹದೀಸಿನಲ್ಲಿ ಈ ಎರಡೂ ಪದಗಳು ಎದುರುಬದುರಾಗಿ ನಿಂತಿವೆ.

ಈ ಪದದ ಭಾರವನ್ನು ಬದುಕಿನಲ್ಲೇ ಹೊತ್ತವರು ಉಮ್ಮು ಸಲಮಾ(ರ). ಹಿಜ್ರತ್‌ಗೆ ಹೊರಟಾಗ ತವರಿನವರು ಅವರನ್ನು ತಡೆದರು, ಗಂಡನ ಕುಲದವರು ಮಗುವನ್ನು ಕಿತ್ತುಕೊಂಡರು. ಪತಿ ಒಬ್ಬರೇ ಮದೀನಾಕ್ಕೆ ಹೋಗಬೇಕಾಯಿತು. ಸುಮಾರು ಒಂದು ವರ್ಷ ಆ ತಾಯಿ ಮಕ್ಕಾದಲ್ಲಿ ಅಳುತ್ತಾ ಕಳೆದರು. ಕೊನೆಗೆ ಮಗು ಸಿಕ್ಕಿತು, ಸಂಸಾರ ಒಂದಾಯಿತು. ಆದರೆ ಹಿಜರಿ 3ರ ಉಹುದ್ ಯುದ್ಧದಲ್ಲಿ ಆದ ಗಾಯದಿಂದ ಪತಿ ಅಬೂ ಸಲಮಾ(ರ) ಮರುವರ್ಷ ತೀರಿಕೊಂಡರು. ಆಗ ಅವರು ಪ್ರವಾದಿ(ಸ) ಕಲಿಸಿದಂತೆ ‘ಇನ್ನಾ ಲಿಲ್ಲಾಹಿ’ ಹೇಳಿ, ತನ್ನ ಮುಸೀಬತ್ತಿಗೆ ಪ್ರತಿಫಲವನ್ನೂ ಕಳೆದುಕೊಂಡದ್ದಕ್ಕಿಂತ ಉತ್ತಮವಾದುದನ್ನೂ ಬೇಡಿದರು. ಅಬೂ ಸಲಮಾರಿಗಿಂತ ಉತ್ತಮರು ಯಾರಿದ್ದಾರೆ ಎಂದು ಅವರ ಮನಸ್ಸು ಕೇಳಿತ್ತು. ಮುಂದೆ ಅವರು ಪ್ರವಾದಿ(ಸ)ರ ಪತ್ನಿಯಾದರು, ವಿಶ್ವಾಸಿಗಳ ತಾಯಿಯಾದರು.

ಸಾವಿನ ಮನೆಗೆ ಹೋದಾಗ ನಾವೇನು ಮಾತಾಡುತ್ತೇವೆ? “ಬೇರೆ ಆಸ್ಪತ್ರೆಗೆ ಒಯ್ದಿದ್ದರೆ ಉಳಿಯುತ್ತಿದ್ದರು” ಎನ್ನುತ್ತಾರೆ ಒಬ್ಬರು. “ಯಾವ ಗುನಾಹಿನ ಫಲವೋ” ಎಂದು ಪಿಸುಗುಡುತ್ತಾರೆ ಇನ್ನೊಬ್ಬರು. ಚಿಕಿತ್ಸೆ ಮಾಡಿಸುವುದು ಕರ್ತವ್ಯ. ಆದರೆ ಬಾಣ ತಾಗಿದ ಮೇಲೆ ಇಂಥ ಮಾತು ಗಾಯವನ್ನು ಕೆದಕುತ್ತದೆ ಅಷ್ಟೆ. ಮುಸೀಬತ್ ನಮ್ಮ ಕೈಗಳ ಗಳಿಕೆಯಿಂದ ಬರುತ್ತದೆ, ಅಲ್ಲಾಹನು ಬಹಳಷ್ಟನ್ನು ಕ್ಷಮಿಸುತ್ತಾನೆ ಎಂದು ಸೂರಃ ಅಶ್ಶೂರಾ ಹೇಳುವುದು ನಿಜ. ಅದು ನಮ್ಮ ಕೈ ನಾವು ನೋಡಿಕೊಳ್ಳಲಿಕ್ಕೆ, ಪಕ್ಕದ ಮನೆಯತ್ತ ಬೆರಳು ತೋರಿಸಲಿಕ್ಕಲ್ಲ. ಅಲ್ಲಾಹನ ದಾರಿಯಲ್ಲಿ ಹೊರಟ ಉಮ್ಮು ಸಲಮಾ(ರ)ರಿಗೂ ಬಾಣ ತಾಗಿತು. ಮಗ ಇಬ್ರಾಹೀಮ್ ತೀರಿಕೊಂಡಾಗ ಪ್ರವಾದಿ(ಸ)ರ ಕಣ್ಣುಗಳೂ ತುಂಬಿದ್ದವು.

ಆದ್ದರಿಂದ ನೊಂದವರ ಬಳಿ ಕೂರೋಣ, ಒಂದು ಹೊತ್ತಿನ ಊಟ ಕೊಂಡೊಯ್ಯೋಣ, ದುಆ ಮಾಡೋಣ. ಕಾರಣ ಹುಡುಕುವುದು ಬೇಡ. ಅಲ್ಲಾಹನು ನಮಗೆಲ್ಲ ಸಹನೆ ಕರುಣಿಸಲಿ. ಆಮೀನ್.