ಲಾರಿ ಹತ್ತುವ ಅಧಿಕಾರ
ನಮ್ಮ ರಾಯದುರ್ಗ ತಾಲ್ಲೂಕು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಅಂದಿನಿಂದ ಓಬಳಾಪುರದ ಅದಿರಿನ ಗುಡ್ಡಗಳ ಪಕ್ಕದಲ್ಲೇ ರಾಜ್ಯದ ಗಡಿ.

1957ರ ಗಣಿ ಮತ್ತು ಖನಿಜ ಕಾಯ್ದೆಯ 23ಬಿ ಕಲಮಿನಂತೆ, ಅಕ್ರಮ ಖನಿಜವಿದೆಯೆಂದು ನಂಬಲು ಕಾರಣವಿದ್ದರೆ, ಸರ್ಕಾರ ನೇಮಿಸಿದ ಗೆಜೆಟೆಡ್ ಅಧಿಕಾರಿ ವಾಹನವನ್ನು ಶೋಧಿಸಬಹುದು. 21ನೇ ಕಲಮಿನಂತೆ ಲಾರಿಯನ್ನೇ ಜಪ್ತಿ ಮಾಡಬಹುದು. ಆದರೆ ಲಾರಿ ಹತ್ತಿದವರಿಗೆ ಸಿಗುವುದು ಅದಿರು, ಪರ್ಮಿಟ್ಟು ಎರಡೇ. ಪರ್ಮಿಟ್ಟಿನಲ್ಲಿ ಓಬಳಾಪುರ ಎಂದಿದ್ದರೆ, ಅದಿರು ಆಚೆಯ ಬಳ್ಳಾರಿ ಕಾಡಿನದೆಂದು ಗುರುತಿಸುವುದು ಹೇಗೆ? ಕೆಂಪು ಮಣ್ಣು ಕನ್ನಡವನ್ನೂ ಆಡದು, ತೆಲುಗನ್ನೂ ಆಡದು! ಗಡಿ ಗುರುತುಗಳನ್ನೇ ಅಳಿಸಿದರೆಂಬ ಆರೋಪ ಅದಕ್ಕೇ ಅಷ್ಟು ದೊಡ್ಡದಾಯಿತು.

ಓಬಳಾಪುರ ಗಣಿ ಪ್ರಕರಣದಲ್ಲಿ ಗಾಲಿ ಜನಾರ್ದನ ರೆಡ್ಡಿಯವರಿಗೆ ಹೈದರಾಬಾದಿನ ಸಿಬಿಐ ನ್ಯಾಯಾಲಯ 2025ರ ಮೇ 6ರಂದು 7 ವರ್ಷ ಶಿಕ್ಷೆ ವಿಧಿಸಿತು. ಜೂನ್‌ನಲ್ಲಿ ತೆಲಂಗಾಣ ಹೈಕೋರ್ಟು ಅದನ್ನು ಅಮಾನತಿನಲ್ಲಿಟ್ಟಿತು.