ಉಳಿದ ನೂಲು, ದಾಟಿದ ಕಡಲು

ಉಳಿದಿದ್ದ ಉಲ್ಲನ್ ಉಂಡೆಗಳಿಂದ ಮಗಳಿಗೊಂದು ಕೌಲ್ ಹೆಣೆದೆ. ನೀಲಿ, ಹಸಿರು, ನೊರೆಬಿಳಿ. ಎಲ್ಲ ಕಡಲಿನ ಬಣ್ಣ. "ಅಮ್ಮಾ, ಸಚಿನ್‌ನಲ್ಲಿ ಕಡಲೇ ಕಾಣಲ್ವಲ್ಲ?" ಎಂದಳು.

ನಮಗೆ ಸಚಿನ್ ಎಂದರೆ ಜಿಐಡಿಸಿ, ಬಟ್ಟೆ ಕಾರ್ಖಾನೆಗಳು. ಆದರೆ ಇದು ಕಡಲು ಬಿಟ್ಟು ಬಂದವರ ಊರು. ಆಫ್ರಿಕಾ ಮೂಲದ ಸಿದ್ದಿ ಮನೆತನದ ಬಾಲು ಮಿಯಾ, ಕೊಂಕಣದ ಜಂಜೀರಾ ಸಮುದ್ರಕೋಟೆಯ ಹಕ್ಕು ಬಿಟ್ಟುಕೊಟ್ಟು 1791ರಲ್ಲಿ ಸಚಿನ್‌ನ ನವಾಬರಾದರು. 1948ರಲ್ಲಿ ಆ ಸಂಸ್ಥಾನ ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾಯಿತು.

ನಮ್ಮ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿಗಳ ಹಿರಿಯರೂ ಅದೇ ಕಡಲು ದಾಟಿದವರು. ಅವರಲ್ಲಿ ಅನೇಕರು ಪೋರ್ಚುಗೀಸರ ಗೋವಾದಲ್ಲಿ ಗುಲಾಮರಾಗಿದ್ದು, ತಪ್ಪಿಸಿಕೊಂಡು ಕಾಡು ಸೇರಿದರು. ನಾವು ಕೆಲಸಕ್ಕೆಂದು ಟಿಕೆಟ್ ತೆಗೆದು ಬಂದವರು. ಅವರನ್ನು ಯಾರೂ ಕೇಳಿರಲಿಲ್ಲ.

ಅಲ್ಲಿನ ಹೆಂಗಸರು ಹಳೆ ಸೀರೆ, ಅಂಗಿಗಳ ತುಂಡು ಜೋಡಿಸಿ ಕೌದಿ ಹೊಲಿಯುತ್ತಾರೆ. ಹೊಲಿಗೆ ಅಂಚಿನಿಂದ ಶುರುವಾಗಿ, ಸುತ್ತುತ್ತಾ ನಡುವಿಗೆ ಸೇರುತ್ತದೆ. ಮೂಲೆಗಳಿಗೆ ಬಟ್ಟೆ ಮಡಚಿದ 'ಫುಲಾ', ಅಂದರೆ ಹೂ. ಅದಿಲ್ಲದಿದ್ದರೆ ಕೌದಿ ಪೂರ್ತಿಯಾಗದು.

ನವಾಬರ ಚರಿತ್ರೆ ಪುಸ್ತಕದಲ್ಲಿದೆ. ಈ ಹೆಂಗಸರದ್ದು ಹೊದಿಕೆಯಲ್ಲಿದೆ.

ಕಥೆ ಕೇಳಿದ ಮಗಳು, "ನನ್ನ ಕೌಲ್‌ಗೂ ಒಂದು ಹೂ ಹಾಕು" ಎಂದಳು. ಬಿಳಿ ನೂಲು ಇನ್ನೂ ಸ್ವಲ್ಪ ಉಳಿದಿತ್ತು.